ಹತ್ತೊಂಬತ್ತಕ್ಕೆ ಹದಿನೇಳು ಕೂಡಿಸಿದರೆ

(ಸೇನೆಯ ರೆಕಾರ್ಡ್ ಆಫೀಸಿನಲ್ಲಿ ಕ್ಲರ್ಕ್ ಆಗಿ ದುಡಿದು ಸುಬೇದಾರ್ ಆಗಿ ನಿವೃತ್ತರಾದವರೊಬ್ಬರು ಪದವಿ ಕಾಲೇಜಿನ ಅರ್ಥಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬೋರ್ಡಿನ ಮೇಲೆ ಒಂದು ಕೂಡುವ ಲೆಕ್ಕ ಬರೆದಿದ್ದೇನೆ. 19 + 17 = 36. ಎರಡನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ಆದರೆ ಸೇನೆಯ ದುಡ್ಡಿನ ಬಗ್ಗೆ ನೀವು ಟಿವಿಯಲ್ಲಿ ನೋಡುವ ಗಲಾಟೆಯಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಈ ಒಂದು ಸಾಲಿನಿಂದಲೇ.

2022ಕ್ಕೆ ಮುಂಚೆ ಭರ್ತಿಯಾದವರ ಲೆಕ್ಕ ಇದು. ಹುಡುಗ 19ಕ್ಕೆ ಸಿಪಾಯಿ ಆಗುತ್ತಾನೆ. 17 ವರ್ಷ ಸರ್ವಿಸ್. ಬಡ್ತಿ ಸಿಗದಿದ್ದರೆ 36ಕ್ಕೆ ಮನೆಗೆ. 36 ಅಂದರೆ ಎಷ್ಟು ಮಹಾ ವಯಸ್ಸು ಹೇಳಿ? ನಿಮ್ಮ ಮೇಷ್ಟ್ರುಗಳಲ್ಲಿ ಕೆಲವರಿಗೆ ಆ ವಯಸ್ಸಿಗೆ ಕೆಲಸವೇ ಕಾಯಂ ಆಗಿರಲಿಲ್ಲ. ನಗಬೇಡಿ, ಅವರು ಇಲ್ಲೇ ಕೂತಿದ್ದಾರೆ. ಬ್ಯಾಂಕಿನಲ್ಲಿ ಇರುವವನಿಗೆ ಇನ್ನೂ 24 ವರ್ಷ ಬಾಕಿ. ನಮ್ಮವನು ಆಗಲೇ 'ಮಾಜಿ'. ಮಗಳು ಐದನೇ ಕ್ಲಾಸು, ಮಗ ಎರಡನೇ ಕ್ಲಾಸು, ಮನೆಗೆ ಇನ್ನೂ ಗಿಲಾವ್ ಆಗಿಲ್ಲ.

ನಮ್ಮ ಬೆಳಗಾವಿ ಕಡೆ ಯಾರೂ 'ರಿಟೈರ್ ಆದ' ಅನ್ನುವುದಿಲ್ಲ. 'ಅವ ಪೆನ್ಷನ್ ಬಂದಾನ್ರಿ' ಅನ್ನುತ್ತಾರೆ. ನನಗೆ ಈ ಮಾತು ತುಂಬ ಸರಿ ಅನಿಸುತ್ತದೆ. ರಿಟೈರ್ ಅಂದರೆ ಕೆಲಸ ಮುಗಿಯಿತು ಅಂತ. ಪೆನ್ಷನ್ ಬಂದ ಅಂದರೆ ಊರಿಗೆ ಬಂದ, ಈಗ ಇನ್ನೊಂದು ಶುರುವಾಗಬೇಕು ಅಂತ. ಆ ಇನ್ನೊಂದಕ್ಕೆ ದುಡ್ಡು ಯಾರು ಕೊಡಬೇಕು? ಇವತ್ತು ನಾನು ಮಾತಾಡುವುದೆಲ್ಲ ಈ ಒಂದು ಪ್ರಶ್ನೆಯ ಬಗ್ಗೆ.

ನಾನು ಬಂದೂಕು ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದು ಜಾಸ್ತಿ. 28 ವರ್ಷದ ಸರ್ವಿಸಿನಲ್ಲಿ ಬಹುಪಾಲು ಕಾಗದದ ಜೊತೆ ಕಳೆದೆ. ಪ್ರತಿ ರೆಜಿಮೆಂಟಿಗೂ ಒಂದು ರೆಕಾರ್ಡ್ ಆಫೀಸ್ ಇರುತ್ತದೆ. ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್, ಇವೆಲ್ಲ ನಿಮಗೆ ಹೊರಗಿನಿಂದ ಗೊತ್ತು. ಗೇಟು, ಫಿರಂಗಿ, ಸುಣ್ಣ ಬಳಿದ ಕಲ್ಲು ಕಾಣುತ್ತವೆ. ಒಳಗೆ ಎಲ್ಲೋ ಒಂದು ಕಡೆ ಸಾಲು ಸಾಲು ಬೀರು ಇರುತ್ತವೆ. ಅಲ್ಲಿ ಒಬ್ಬೊಬ್ಬ ಜವಾನನಿಗೆ ಒಂದೊಂದು ಶೀಟ್ ರೋಲ್. ಅವನು ಭರ್ತಿಯಾದ ದಿನ, ಎದೆಯ ಅಳತೆ, ಗುರುತಿನ ಮಚ್ಚೆ, ಬಡ್ತಿಯ ಯಾವ ಕೇಡರ್ ಕೋರ್ಸ್ ಪಾಸಾದ, ಎಷ್ಟು ದಿನ ಹೆಚ್ಚು ರಜೆ ಉಳಿದು ಶಿಕ್ಷೆ ತಿಂದ, ಮದುವೆ ಯಾವಾಗ, ಮಕ್ಕಳ ಹೆಸರೇನು, ಎಲ್ಲ ಅದರಲ್ಲಿ. ಶಿಕ್ಷೆ ದೊಡ್ಡದಾದರೆ ಕೆಂಪು ಶಾಯಿ. 'ರೆಡ್ ಇಂಕ್ ಎಂಟ್ರಿ' ಅಂತಲೇ ಅದಕ್ಕೆ ಹೆಸರು. ಅಂಥವು ನಾಲ್ಕಾದರೆ ಮನೆಗೆ ಕಳಿಸುವ ವಿಚಾರ ಶುರುವಾಗುತ್ತದೆ.

ಈಗ ಒಂದು ಪ್ರಶ್ನೆ. 36ಕ್ಕೆ ಯಾಕೆ ಕಳಿಸಬೇಕು? ಗಟ್ಟಿಮುಟ್ಟಾಗಿರುವವನನ್ನು ಇಟ್ಟುಕೊಳ್ಳಬಾರದಾ?

ಬೆನ್ನಿನ ಮೇಲೆ ಭಾರ ಹೊತ್ತು 15 ಸಾವಿರ ಅಡಿ ಹತ್ತುವ ಕೆಲಸಕ್ಕೆ 45 ವರ್ಷದವರ ಪಲ್ಟನ್ ಕಟ್ಟಲಾಗುವುದಿಲ್ಲ. ಅದು ಒಂದು ಕಾರಣ. ಇನ್ನೊಂದು ಕಾರಣ ಸೇನೆಯ ಆಕಾರ. ಒಂದು ಸೆಕ್ಷನ್ ಅಂದರೆ ಸುಮಾರು ಹತ್ತು ಜನ. ಅವರಿಗೆ ಒಬ್ಬ ಕಮಾಂಡರ್, ನಾಯಕ್ ಅಥವಾ ಹವಾಲ್ದಾರ್. ಮೂರು ಸೆಕ್ಷನ್ ಸೇರಿ ಒಂದು ಪ್ಲಟೂನ್, ಅದಕ್ಕೊಬ್ಬ ನಾಯಬ್ ಸುಬೇದಾರ್ ಅಥವಾ ಸುಬೇದಾರ್. ಬಟಾಲಿಯನ್ನಿನಲ್ಲಿ ಸುಮಾರು 800 ಜನ ಇದ್ದರೂ ಸುಬೇದಾರ್ ಮೇಜರ್ ಒಬ್ಬನೇ. ಮೇಲೆ ಹೋದಂತೆ ಕುರ್ಚಿ ಕಡಿಮೆ. ಕೆಳಗಿನವರು ಹೋಗದಿದ್ದರೆ ಹೊಸಬರಿಗೆ ಜಾಗವಿಲ್ಲ, ಮೇಲಿನವರು ಹೋಗದಿದ್ದರೆ ಮಧ್ಯದವರಿಗೆ ಬಡ್ತಿ ಇಲ್ಲ. ಮಧ್ಯಾಹ್ನದ ಊಟಕ್ಕೆ ಪಂಕ್ತಿಯಲ್ಲಿ ಕೂತವರು ಏಳದಿದ್ದರೆ ಎರಡನೇ ಪಂಕ್ತಿ ಕೂರುವುದು ಹೇಗೆ?

ಹಾಗಾಗಿ ರ‍್ಯಾಂಕಿಗೆ ತಕ್ಕ ಹಾಗೆ ಸರ್ವಿಸ್ ಕಟ್ಟಿದ್ದಾರೆ. ಸಿಪಾಯಿಗೆ 17 ವರ್ಷ, ನಾಯಕ್‌ಗೆ 22, ಹವಾಲ್ದಾರ್‌ಗೆ 24, ನಾಯಬ್ ಸುಬೇದಾರ್‌ಗೆ 26, ಸುಬೇದಾರ್‌ಗೆ 28. ಇದು ಮೂಲ ಲೆಕ್ಕ. ಮೇಲೆ ಎರಡು ವರ್ಷ ಎಕ್ಸ್‌ಟೆನ್ಷನ್ ಸಿಗಬಹುದು, ಸ್ಕ್ರೀನಿಂಗ್ ಬೋರ್ಡ್ ಒಪ್ಪಿದರೆ. ಆ ಎರಡು ವರ್ಷ ಬಂದದ್ದು 1998ರಲ್ಲಿ ಕೇಂದ್ರ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60 ಆಯಿತಲ್ಲ, ಅದರ ಹಿಂದೆಯೇ. ಎಲ್ಲರೂ ಖುಷಿಪಟ್ಟರು. ಸರ್ಕಾರಕ್ಕೂ ಎರಡು ವರ್ಷದ ಪಿಂಚಣಿ, ಗ್ರ್ಯಾಚುಟಿ ಮುಂದಕ್ಕೆ ಹೋಯಿತು. ಖುಷಿಪಡದವರು ಅಂದರೆ ಬಡ್ತಿಯ ಸಾಲಿನಲ್ಲಿ ನಿಂತಿದ್ದವರು. ಮುಂದಿನವನು ಎರಡು ವರ್ಷ ಕದಲಲಿಲ್ಲ. ನನ್ನ ಟೇಬಲ್ಲಿಗೆ ಆಗ ಬರುತ್ತಿದ್ದ ಕಾಗದಗಳಲ್ಲಿ ಒಂದೇ ಪ್ರಶ್ನೆ: 'ನನ್ನ ನಂಬರ್ ಯಾವಾಗ?'

ಈ ನಂಬರಿನಲ್ಲಿ ಅದೃಷ್ಟದ ಪಾಲು ದೊಡ್ಡದು. ಇದನ್ನು ಹೊರಗಿನವರು ಗಮನಿಸುವುದಿಲ್ಲ. ಬಡ್ತಿ ಖಾಲಿ ಜಾಗದ ಮೇಲೆ ನಿಂತಿರುತ್ತದೆ, ಖಾಲಿ ಜಾಗ ಟ್ರೇಡಿನ ಮೇಲೆ. ಒಂದೇ ರ‍್ಯಾಲಿಯಲ್ಲಿ ಓಡಿದ ಇಬ್ಬರು ಗೆಳೆಯರು, ಒಬ್ಬ ಡ್ರೈವರ್ ಆದ, ಇನ್ನೊಬ್ಬ ಅಡುಗೆ ಟ್ರೇಡಿಗೆ ಹೋದ. ಹದಿನೈದು ವರ್ಷ ಆದಮೇಲೆ ಒಬ್ಬ ಹವಾಲ್ದಾರ್, ಇನ್ನೊಬ್ಬ ಇನ್ನೂ ಸಿಪಾಯಿ. ಇಬ್ಬರೂ ಒಳ್ಳೆಯವರೇ. ಆರನೇ ವೇತನ ಆಯೋಗದ ಕಾಲದಲ್ಲಿ ಇದಕ್ಕೊಂದು ಮುಲಾಮು ಹಚ್ಚಿದರು. ಬಡ್ತಿ ಸಿಗದಿದ್ದರೂ 8, 16, 24 ವರ್ಷಕ್ಕೆ ಸಂಬಳ ಮುಂದಿನ ಮೆಟ್ಟಿಲಿಗೆ ಏರುತ್ತದೆ. ಸಿವಿಲ್ ನೌಕರರಿಗೆ ಅದು 10, 20, 30. ತೋಳಿನ ಮೇಲೆ ಪಟ್ಟಿ ಬರುವುದಿಲ್ಲ, ಬ್ಯಾಂಕಿಗೆ ದುಡ್ಡು ಬರುತ್ತದೆ. ಆಮೇಲೆ 2017ರಲ್ಲಿ ಸೇನೆಯ ಜೆಸಿಒಗಳ (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್ ತನಕದವರು) ಮತ್ತು ಜವಾನರ ಸುಮಾರು 1.45 ಲಕ್ಷ ಹುದ್ದೆಗಳನ್ನು ಐದು ವರ್ಷದಲ್ಲಿ ಮೇಲ್ದರ್ಜೆಗೆ ಏರಿಸಲು ಒಪ್ಪಿಗೆ ಸಿಕ್ಕಿತು. ಅದಕ್ಕೂ ಹಿಂದಿನ ಅಂಥ ಪರಿಶೀಲನೆ ನಡೆದದ್ದು 1984ರಲ್ಲಿ. ನಡುವೆ 33 ವರ್ಷ. ಒಬ್ಬ ಸಿಪಾಯಿ ಸೇರಿ, ಮನೆಗೆ ಹೋಗಿ, ಅವನ ಮಗ ಸೇರಿ ನಾಯಕ್ ಆಗುವಷ್ಟು ಕಾಲ.

ಈಗ ದುಡ್ಡಿಗೆ ಬರೋಣ. ಬೋರ್ಡಿನ ಆ ಕಡೆ ನೋಡಿ.

ಏಳನೇ ವೇತನ ಆಯೋಗದ ಪ್ರಕಾರ ಸಿಪಾಯಿಯ ಮೂಲ ವೇತನ 21,700ರಿಂದ ಶುರು. ಹವಾಲ್ದಾರ್‌ಗೆ 29,200. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ ಅಂತ 5,200. ಅಧಿಕಾರಿಗಳಿಗೆ ಇದೇ ಹೆಸರಿನಲ್ಲಿ 15,500. ಚಳಿ ಇಬ್ಬರಿಗೂ ಒಂದೇ, ಆದರೆ ಅದು ಬೇರೆ ಜಗಳ, ಇವತ್ತು ಬೇಡ. ಒಬ್ಬ ಹವಾಲ್ದಾರ್ 19ಕ್ಕೆ ಸೇರಿ 24 ವರ್ಷ ಮುಗಿಸಿ 43ಕ್ಕೆ ಬಂದ ಅಂತ ಇಟ್ಟುಕೊಳ್ಳಿ. ಕೊನೆಯ ಮೂಲ ವೇತನ 40,400. ಜೊತೆಗೆ 5,200. ಒಟ್ಟು 45,600. ಪಿಂಚಣಿ ಅದರ ಅರ್ಧ, 22,800. ತುಟ್ಟಿಭತ್ಯೆ ಬೇರೆ. ಅದನ್ನು ಬಿಟ್ಟೇ ಲೆಕ್ಕ ಹಾಕಿದರೂ ವರ್ಷಕ್ಕೆ 2,73,600. ಅವನು 75ರ ತನಕ ಬದುಕಿದ ಅಂದುಕೊಳ್ಳಿ, ಬದುಕಲಿ ಪಾಪ. 32 ವರ್ಷ. ಸುಮಾರು 87 ಲಕ್ಷ.

ಗಮನಿಸಿ, ಕೆಲಸ ಮಾಡಿದ್ದು 24 ವರ್ಷ, ಪಿಂಚಣಿ 32 ವರ್ಷ. ಅವನ ಕಾಲ ಆದಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ಇದನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೇ ತೆಗೆದುಕೊಳ್ಳುತ್ತಿದ್ದೇನೆ! 19ಕ್ಕೆ ಸೇರಿದವನನ್ನು 60ರ ತನಕ ಇಟ್ಟುಕೊಳ್ಳುವ ಇಲಾಖೆಗೂ, 43ಕ್ಕೆ ಕಳಿಸಲೇಬೇಕಾದ ಇಲಾಖೆಗೂ ಲೆಕ್ಕ ಒಂದೇ ಥರ ಬರುವುದಿಲ್ಲ, ಅಷ್ಟೇ.

ಇನ್ನೊಂದು ಮಾತು, ಕಮ್ಯುಟೇಷನ್. ಜವಾನರ ಬಾಯಲ್ಲಿ 'ಪಿಂಚಣಿ ಮಾರೋದು'. ಪಿಂಚಣಿಯ ಅರ್ಧದವರೆಗೆ ಒಂದೇ ಸಲ ಇಡಿಗಂಟಾಗಿ ತೆಗೆದುಕೊಳ್ಳಬಹುದು. ಆ ಭಾಗ 15 ವರ್ಷ ಕಟ್, ಆಮೇಲೆ ಮತ್ತೆ ಸೇರುತ್ತದೆ. ನಾನು ಪೆನ್ಷನ್ ಪೇಪರ್ ತುಂಬಿಸುವಾಗ ಎಷ್ಟು ಜನರನ್ನು ಕೇಳಿದ್ದೇನೆ, 'ಮಾರ್ತೀಯೇನಪ್ಪಾ?' ಅಂತ. ಬೇಡ ಅಂದವರು ಬೆರಳೆಣಿಕೆ. ಮನೆ, ಬೋರ್‌ವೆಲ್, ತಂಗಿಯ ಮದುವೆ. ಊರಿನವರು ಮಾತ್ರ 'ಮಿಲ್ಟ್ರಿ ಪೆನ್ಷನ್ ಬರ್ತದ, ನಿಂಗೇನು' ಅನ್ನುತ್ತಿರುತ್ತಾರೆ. ಕೈಗೆ ಬರುವುದು ಅರ್ಧ.

ಈ 17 ವರ್ಷ ಅನ್ನುವುದು ಮೊದಲಿನಿಂದ ಇದ್ದದ್ದಲ್ಲ. ಇದು ನಿಮಗೆ ಆಶ್ಚರ್ಯ ಅನಿಸಬಹುದು. ಬ್ರಿಟಿಷರ ಕಾಲದಿಂದ ಬಂದ ಪದ್ಧತಿಯಲ್ಲಿ ಸಿಪಾಯಿಗೆ ಏಳು ವರ್ಷ ಕಲರ್ ಸರ್ವಿಸ್, ಅಂದರೆ ಪಲ್ಟನ್ನಿನಲ್ಲಿ. ಆಮೇಲೆ ಎಂಟು ವರ್ಷ ರಿಸರ್ವ್, ಅಂದರೆ ಮನೆಯಲ್ಲಿ. ಯುದ್ಧ ಬಂದರೆ ಕರೆ ಹೋಗುತ್ತದೆ. ಎರಡೂ ಸೇರಿ 15 ಆದರೆ ಒಂದು ಸಣ್ಣ ರಿಸರ್ವಿಸ್ಟ್ ಪಿಂಚಣಿ. ಪೂರ್ತಿ ಪಿಂಚಣಿ ಸಿಗುತ್ತಿದ್ದದ್ದು ಮೇಲೇರಿದ ಕೆಲವರಿಗೆ. ಸಿಪಾಯಿಯ ಅವಧಿ ಹಂತ ಹಂತವಾಗಿ ಬೆಳೆಯಿತು. 1970ರ ದಶಕದಲ್ಲಿ 15 ದಾಟಿ, ಕೊನೆಗೆ 17ಕ್ಕೆ ನಿಂತಿತು. ಜವಾನನ ಪಿಂಚಣಿಗೆ ಬೇಕಾದ ಕನಿಷ್ಠ ಸರ್ವಿಸ್ 15 ವರ್ಷ. ಈಗ ಕೊಂಡಿ ಕಂಡಿತಾ? ಅವಧಿ 15 ದಾಟಿದ ಕೂಡಲೇ ಸಾಮಾನ್ಯ ಸಿಪಾಯಿಯೂ ಪಿಂಚಣಿದಾರ.

ಆ ನಿರ್ಧಾರ ಮಾಡಿದವರು ದಡ್ಡರೇನಲ್ಲ. ಏಳೇ ವರ್ಷಕ್ಕೆ ಕಳಿಸಿದರೆ ಮತ್ತೆ ಮತ್ತೆ ಹೊಸಬರನ್ನು ತಯಾರು ಮಾಡಬೇಕು, ರೇಡಿಯೊ, ಟ್ಯಾಂಕ್, ರಾಡಾರ್ ಕಲಿಸುವುದಕ್ಕೆ ವರ್ಷಗಟ್ಟಲೆ ಬೇಕು. ಜೊತೆಗೆ 26-27ಕ್ಕೆ ಬರಿಗೈಲಿ ಊರಿಗೆ ಹೋಗುವವನ ಗತಿ? ಕಾರಣಗಳೆಲ್ಲ ನ್ಯಾಯವಾದವೇ. ಆದರೆ ಇಂಥ ನಿರ್ಧಾರದ ಬಿಲ್ಲು ಆ ವರ್ಷದ ಬಜೆಟ್ಟಿನಲ್ಲಿ ಬರುವುದಿಲ್ಲ. ಮೊದಲ ಹತ್ತು ವರ್ಷ ಉಳಿತಾಯವಾದಂತೆಯೇ ಕಾಣುತ್ತದೆ, ಯಾಕೆಂದರೆ ಯಾರೂ ಹೊರಗೆ ಹೋಗುತ್ತಿಲ್ಲ, ಭರ್ತಿ ಕಡಿಮೆ. ಬಿಲ್ಲು ಬರುವುದು 20 ವರ್ಷ ಆದಮೇಲೆ, ಆ ಫೈಲಿಗೆ ಸಹಿ ಹಾಕಿದವರು ತಾವೇ ಪಿಂಚಣಿ ತೆಗೆದುಕೊಳ್ಳುವ ಹೊತ್ತಿಗೆ.

ಹಾಗೆ ಬಂದ ಬಿಲ್ಲು ಎಷ್ಟಾಗಿದೆ? 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಒಟ್ಟು 6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿ 1.60 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ 24. ವಿಮಾನ, ಹಡಗು, ತೋಪು ಕೊಳ್ಳುವುದು ಸೇರಿ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಅಂದರೆ ಹೊಸ ಆಯುಧಕ್ಕೆ ಇಡುವಷ್ಟೇ ಹೆಚ್ಚುಕಡಿಮೆ ಹಳಬರಿಗೂ ಹೋಗುತ್ತಿದೆ. ಸೇವೆಯಲ್ಲಿರುವವರ ಸಂಬಳ ಇದರಲ್ಲಿ ಸೇರಿಲ್ಲ. ಒಂದು ತಿದ್ದುಪಡಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹಳೇ ಗೆಳೆಯರು ಬೈಯುತ್ತಾರೆ. ಆ 1.60 ಲಕ್ಷ ಕೋಟಿಯಲ್ಲಿ ರಕ್ಷಣಾ ಇಲಾಖೆಯ ಸಿವಿಲ್ ನೌಕರರ ಪಿಂಚಣಿಯೂ ಇದೆ. ಅವರು 60ರ ತನಕ ದುಡಿದವರು. ಎಲ್ಲವನ್ನೂ ಜವಾನನ ತಲೆಗೆ ಕಟ್ಟಬೇಡಿ. 2004ರ ಜನವರಿಯಿಂದ ಸೇರಿದ ಸಿವಿಲ್ ನೌಕರರು ಹೊಸ ಪಿಂಚಣಿ ಪದ್ಧತಿಗೆ ಹೋದರು, ಸೈನಿಕರನ್ನು ಅದರಿಂದ ಹೊರಗಿಟ್ಟರು. ಅದೂ ಸರಿಯೇ, ಮೂವತ್ತಾರಕ್ಕೆ ಕಳಿಸುವವನಿಗೆ ಶೇರು ಮಾರುಕಟ್ಟೆಯ ಪಿಂಚಣಿ ಕೊಟ್ಟರೆ ಅವನು ಏನು ಮಾಡಬೇಕು?

'ಒಂದು ರ‍್ಯಾಂಕ್ ಒಂದು ಪಿಂಚಣಿ' ಗಲಾಟೆ, ಅಂದರೆ ಒಂದೇ ದರ್ಜೆ, ಒಂದೇ ಸರ್ವಿಸ್ ಇದ್ದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಕೊಡಿ ಅನ್ನುವ ಬೇಡಿಕೆ, ನಿಮಗೆ ನೆನಪಿರಲಿಕ್ಕಿಲ್ಲ, ಆಗ ನೀವು ಚಿಕ್ಕವರು. 2015ರಲ್ಲಿ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಮೆಡಲ್ ಹಾಕಿಕೊಂಡು ಕೂತರು. ಅದೇ ವರ್ಷ ನವೆಂಬರಿನಲ್ಲಿ ಆದೇಶ ಬಂತು, 2014ರ ಜುಲೈ 1ರಿಂದ ಜಾರಿ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. 2022ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಪದ್ಧತಿಯನ್ನು ಒಪ್ಪಿತು. ಬಹಳ ಜನ ಇದನ್ನು ಮಾಜಿಗಳ ದುರಾಸೆ ಅಂದರು. ನಾನು ಹೇಳುವುದು ಕೇಳಿ. 60ಕ್ಕೆ ನಿವೃತ್ತಿಯಾಗುವವನು ಮೂರು ನಾಲ್ಕು ವೇತನ ಆಯೋಗಗಳ ಲಾಭವನ್ನು ಕೆಲಸದಲ್ಲಿದ್ದೇ ಪಡೆಯುತ್ತಾನೆ. 36ಕ್ಕೆ ಬಂದವನು ಒಂದು, ಹೆಚ್ಚೆಂದರೆ ಎರಡು ನೋಡಿರುತ್ತಾನೆ. ಉಳಿದ ಆಯೋಗಗಳು ಬರುವಾಗ ಅವನು ಊರಲ್ಲಿ ಎತ್ತಿಗೆ ಮೇವು ಹಾಕುತ್ತಿರುತ್ತಾನೆ. 1995ರಲ್ಲಿ ಬಂದ ಹವಾಲ್ದಾರ್‌ಗೂ 2013ರಲ್ಲಿ ಬಂದ ಹವಾಲ್ದಾರ್‌ಗೂ ಅದೇ ರ‍್ಯಾಂಕ್, ಅದೇ ಸರ್ವಿಸ್, ಪಿಂಚಣಿ ಮಾತ್ರ ಬೇರೆ. ಬೇಗ ಕಳಿಸಿದ್ದು ನೀವು, ದಂಡ ತೆರುವುದು ಅವನಾ? ವಾದ ಇದು. ಇದು ಜನರಲ್‌ಗಳಿಗಿಂತ ಜವಾನರಿಗೆ ಹೆಚ್ಚು ಮುಖ್ಯವಾದ ವಿಷಯ. ಟಿವಿಯಲ್ಲಿ ಮಾತಾಡಿದ್ದು ಮಾತ್ರ ಜನರಲ್‌ಗಳು.

ಹಾಗಾದರೆ ದಾರಿ ಇರಲಿಲ್ಲವಾ? ಇತ್ತು. ಕಾಗದದ ಮೇಲೆ ಬಹಳ ಹಿಂದಿನಿಂದ ಇತ್ತು. ಕಾರ್ಗಿಲ್ ಯುದ್ಧ ಆದಮೇಲೆ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಕೂತಿತು. ಅದು ಹೇಳಿದ್ದು ಸರಳ. ಕಲರ್ ಸರ್ವಿಸನ್ನು 17ರಿಂದ 7-10 ವರ್ಷಕ್ಕೆ ಇಳಿಸಿ. ಆಮೇಲೆ ಆ ಜನರನ್ನು ಅರೆಸೇನಾ ಪಡೆಗಳಿಗೆ ಕಳಿಸಿ. ಆರನೇ ವೇತನ ಆಯೋಗವೂ 2008ರಲ್ಲಿ ಇದೇ ದಾರಿ ತೋರಿಸಿತು. ಎಂಥ ಚೆಂದದ ಲೆಕ್ಕ ನೋಡಿ. ಸೇನೆಗೆ ಹುಡುಗರು ಉಳಿಯುತ್ತಾರೆ. ಗಡಿ ಪಡೆಗೆ, ಸಿಆರ್‌ಪಿಎಫ್‌ಗೆ ಕಲಿತು ಬಂದವರು ಸಿಗುತ್ತಾರೆ, ಅವರಿಗೆ ತರಬೇತಿ ಖರ್ಚು ಉಳಿಯುತ್ತದೆ. ಜವಾನ 60ರ ತನಕ ದುಡಿಯುತ್ತಾನೆ. ಬೊಕ್ಕಸಕ್ಕೆ ಪಿಂಚಣಿ ಭಾರ ಇಳಿಯುತ್ತದೆ.

ಆಗಲಿಲ್ಲ. ಯಾಕೆ? ಸೇನೆ ರಕ್ಷಣಾ ಇಲಾಖೆಯದು, ಸಿಆರ್‌ಪಿಎಫ್ ಗೃಹ ಇಲಾಖೆಯದು. ಹತ್ತು ವರ್ಷ ಸೀನಿಯರ್ ಆದ ಹವಾಲ್ದಾರ್ ಒಬ್ಬ ಬಂದು ಕೂತರೆ ಅಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿದವನ ಬಡ್ತಿ ಎಲ್ಲಿಗೆ ಹೋಗಬೇಕು? ಅವನೂ ನನ್ನ ನಂಬರ್ ಯಾವಾಗ ಅಂತ ಕಾಯುತ್ತಿದ್ದಾನಲ್ಲ. ಆ ಇಲಾಖೆ ಒಪ್ಪದೇ ಇದ್ದದ್ದು ನನಗೆ ಅರ್ಥವಾಗುತ್ತದೆ. ಇಷ್ಟವಾಗುವುದಿಲ್ಲ, ಅರ್ಥವಾಗುತ್ತದೆ. ನನ್ನ ಅನುಭವದಲ್ಲಿ ಒಂದು ಬೀರುವಿನ ಫೈಲು ಪಕ್ಕದ ಬೀರುವಿಗೆ ಹೋಗುವುದಕ್ಕೇ ಮೂರು ತಿಂಗಳು ಬೇಕು. ಮನುಷ್ಯರು ಒಂದು ಸಚಿವಾಲಯದಿಂದ ಇನ್ನೊಂದಕ್ಕೆ ಹೋಗುವುದೆಂದರೆ!

ನಡುವೆ ಸಣ್ಣಪುಟ್ಟ ಉಳಿತಾಯಗಳಾದವು. ಸೇನೆಯ ಖರ್ಚು ಹದ್ದುಬಸ್ತಿಗೆ ತರುವ ದಾರಿ ನೋಡಲು ಕೂತ ಶೇಕಟ್ಕರ್ ಸಮಿತಿ ಹೇಳಿದ ಮೇಲೆ 2017ರಲ್ಲಿ ಸುಮಾರು 57 ಸಾವಿರ ಜನರನ್ನು ಬೇರೆ ಕೆಲಸಗಳಿಗೆ ಹಚ್ಚುವ ತೀರ್ಮಾನ ಆಯಿತು. 39 ಮಿಲಿಟರಿ ಫಾರ್ಮ್‌ಗಳನ್ನು ಮುಚ್ಚಿದರು. ಫಾರ್ಮ್ ಅಂದರೆ ಹಸು ಸಾಕುವ ಜಾಗ, ಹೌದು, ಸೇನೆಗೆ ಹಾಲು ಕೊಡಲು. ಮೊದಲನೆಯದು 1889ರಲ್ಲಿ ಅಲಹಾಬಾದಿನಲ್ಲಿ ಶುರುವಾದದ್ದು. ಡೈರಿಗಳು ಮನೆಬಾಗಿಲಿಗೆ ಹಾಲು ತರುವ ಕಾಲದಲ್ಲಿ ಅವು ಬೇಕಿರಲಿಲ್ಲ, ಮುಚ್ಚಿದ್ದು ಸರಿ. ಆದರೆ ಹಸುವಿಗೆ ಪಿಂಚಣಿ ಇರಲಿಲ್ಲ ನೋಡಿ, ಹಾಗಾಗಿ ದೊಡ್ಡ ಲೆಕ್ಕದಲ್ಲಿ ಬಹಳ ವ್ಯತ್ಯಾಸ ಆಗಲಿಲ್ಲ.

ಆಮೇಲೆ 2022ರ ಜೂನ್ 14. ಅಗ್ನಿಪಥ್.

ಅದಕ್ಕೂ ಮುಂಚೆ ಎರಡು ವರ್ಷ ಭರ್ತಿಯೇ ಇರಲಿಲ್ಲ, ಕೋವಿಡ್. 2019-20ರಲ್ಲಿ ಸೇನೆ 80 ಸಾವಿರಕ್ಕಿಂತ ಜಾಸ್ತಿ ಜನರನ್ನು ತೆಗೆದುಕೊಂಡಿತ್ತು. ಮುಂದಿನ ಎರಡು ವರ್ಷ ಸೊನ್ನೆ. ಊರ ಹೊರಗಿನ ರಸ್ತೆಯಲ್ಲಿ ಬೆಳಗಿನ ಜಾವ ಓಡುತ್ತಿದ್ದ ಹುಡುಗರು ಓಡುತ್ತಲೇ ಇದ್ದರು, ವಯಸ್ಸು ಮೀರುತ್ತಿತ್ತು. ಇಂಥ ಹೊತ್ತಲ್ಲಿ ಬಂದ ಯೋಜನೆ ಇದು. ಹದಿನೇಳೂವರೆಯಿಂದ 21 ವರ್ಷದವರು, ಮೊದಲ ವರ್ಷಕ್ಕೆ ಮಾತ್ರ 23ರ ತನಕ. ತರಬೇತಿ ಸೇರಿ ನಾಲ್ಕು ವರ್ಷ. ಕೊನೆಗೆ ನೂರಕ್ಕೆ 25ರವರೆಗೆ ಉಳಿಸಿಕೊಳ್ಳುತ್ತಾರೆ, ಅವರಿಗೆ ಮುಂದೆ ಕನಿಷ್ಠ 15 ವರ್ಷ. ಉಳಿದ 75 ಜನ ಮನೆಗೆ.

ಲೆಕ್ಕ ಮಾಡೋಣ. ಮೊದಲ ವರ್ಷ ತಿಂಗಳಿಗೆ 30,000. ಆಮೇಲೆ 33,000, 36,500, ನಾಲ್ಕನೇ ವರ್ಷ 40,000. ಪ್ರತಿ ತಿಂಗಳೂ ನೂರಕ್ಕೆ 30 ಕಟ್ ಆಗಿ ಒಂದು ನಿಧಿಗೆ ಹೋಗುತ್ತದೆ. ಅಂದರೆ ಮೊದಲ ವರ್ಷ ಕೈಗೆ 21,000. ನಾಲ್ಕು ವರ್ಷದಲ್ಲಿ ಅವನು ಹಾಕಿದ್ದು 5.02 ಲಕ್ಷ, ಸರ್ಕಾರ ಅಷ್ಟೇ ಹಾಕುತ್ತದೆ. ಬಡ್ಡಿ ಸೇರಿ ಹೊರಡುವಾಗ ಸುಮಾರು 11.71 ಲಕ್ಷ. 48 ಲಕ್ಷದ ವಿಮೆ ಇದೆ, ಅದಕ್ಕೆ ಅವನು ಕಂತು ಕಟ್ಟಬೇಕಿಲ್ಲ. ಗ್ರ್ಯಾಚುಟಿ ಇಲ್ಲ, ಪಿಂಚಣಿ ಇಲ್ಲ.

ಆ 87 ಲಕ್ಷದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಸರ್ಕಾರ ತನ್ನ ಪಾಲಿನದು ಅಂತ ಕೊಡುವ ಇಡಿಗಂಟು ಐದು ಲಕ್ಷ ಚಿಲ್ಲರೆ. ಖಜಾನೆ ನೋಡಿಕೊಳ್ಳುವವರಿಗೆ ಇದು ಹಬ್ಬ. ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯುತ್ತದೆ ಅಂತಲೂ ಹೇಳಿದರು. ದೆಹಲಿ ಹೈಕೋರ್ಟ್ 2023ರ ಫೆಬ್ರವರಿಯಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು, ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ.

ನಾನು ಇದಕ್ಕೆ ಪರವಾ, ವಿರುದ್ಧವಾ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಸೇನೆ ತರುಣವಾಗಿರಬೇಕು ಅನ್ನುವುದಕ್ಕೆ ನಾನು ಪರ. ಏಳು ವರ್ಷದ ಹಳೇ ಪದ್ಧತಿಗೆ ಇದು ಹತ್ತಿರ, ಹೊಸದೇನಲ್ಲ. ಆದರೆ ಆ ಹಳೇ ಪದ್ಧತಿಯಲ್ಲಿ ಏಳು ಇತ್ತು, ಹಿಂದೆ ರಿಸರ್ವಿನ ಎಂಟು ಇತ್ತು, ಕೊನೆಗೆ ಸಣ್ಣದಾದರೂ ಒಂದು ಪಿಂಚಣಿ ಇತ್ತು. ಕಾರ್ಗಿಲ್ ಸಮಿತಿ ಹೇಳಿದ್ದರಲ್ಲಿ ಎರಡು ಭಾಗ ಇತ್ತು: ಬೇಗ ಬಿಡಿ, ಬಿಟ್ಟವರಿಗೆ ಮುಂದಿನ ಜಾಗ ಕೊಡಿ. ಈಗ ಮೊದಲ ಭಾಗ ಪೂರ್ತಿ ಜಾರಿಯಾಗಿದೆ. ಎರಡನೆಯದಕ್ಕೆ ಯೋಜನೆ ಬಂದ ನಾಲ್ಕೇ ದಿನಕ್ಕೆ ಕೇಂದ್ರ ಸಶಸ್ತ್ರ ಪಡೆಗಳಲ್ಲಿ 10% ಮೀಸಲಾತಿ ಅಂತ ಘೋಷಿಸಿದರು. ಮೀಸಲಾತಿ ಅಂದರೆ ಮತ್ತೆ ಅರ್ಜಿ, ಮತ್ತೆ ಪರೀಕ್ಷೆ. ಕೈಹಿಡಿದು ದಾಟಿಸುವುದು ಬೇರೆ.

ಖರ್ಚು ಮಾಯವಾಗುವುದಿಲ್ಲ, ಖಾತೆ ಬದಲಾಗುತ್ತದೆ. ನೀವು ಅರ್ಥಶಾಸ್ತ್ರದವರು, ಇದಕ್ಕೆ ದೊಡ್ಡ ಹೆಸರೇನಾದರೂ ಇದ್ದೀತು. 22 ವರ್ಷದ ಹುಡುಗನಿಗೆ ಮುಂದಿನ ನೆಲೆ ಕಟ್ಟಿಕೊಡುವ ಖರ್ಚು ರಕ್ಷಣಾ ಬಜೆಟ್ಟಿನಲ್ಲಿ ಕಾಣದಿದ್ದರೆ ಪೊಲೀಸ್ ಇಲಾಖೆಯಲ್ಲಿ ಕಾಣಬೇಕು, ರಾಜ್ಯ ಸರ್ಕಾರದಲ್ಲಿ ಕಾಣಬೇಕು. ಅಲ್ಲೂ ಕಾಣದಿದ್ದರೆ ಅವನ ಅಪ್ಪನ ಎರಡೆಕರೆಯಲ್ಲಿ ಕಾಣುತ್ತದೆ. ಮೊದಲ ತಂಡ 2022ರ ಕೊನೆಗೆ, 2023ರ ಆರಂಭಕ್ಕೆ ತರಬೇತಿ ಸೇರಿತು. ಅವರ ನಾಲ್ಕು ವರ್ಷ 2026ರ ಕೊನೆಯಿಂದ ತುಂಬತೊಡಗುತ್ತದೆ.

ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ, ಅಮೆರಿಕದಲ್ಲಿ ಹೇಗೆ ಅಂತ. ಚುಟುಕಾಗಿ ಹೇಳುತ್ತೇನೆ. ಅಲ್ಲಿ ಬಹಳ ಕಾಲ 20 ವರ್ಷ ಸರ್ವಿಸ್ ಆದರೆ ಪಿಂಚಣಿ, 19 ವರ್ಷ ಸರ್ವಿಸ್ ಮಾಡಿ ಬಿಟ್ಟರೆ ಏನೂ ಇಲ್ಲ. ಸೇರಿದ ಐವರಲ್ಲಿ ಸುಮಾರು ನಾಲ್ವರು 20 ಮುಟ್ಟುತ್ತಲೇ ಇರಲಿಲ್ಲ. 2018ರಿಂದ ಬದಲಾಯಿಸಿದರು. ಪಿಂಚಣಿಯ ದರ ಸ್ವಲ್ಪ ಇಳಿಸಿ, ಬದಲಿಗೆ ಎಲ್ಲರ ಹೆಸರಲ್ಲೂ ಒಂದು ಉಳಿತಾಯ ಖಾತೆ, ಸರ್ಕಾರವೂ ಅದಕ್ಕೆ ದುಡ್ಡು ಹಾಕುತ್ತದೆ. ಬೇಗ ಬಿಟ್ಟವನೂ ಅದನ್ನು ಒಯ್ಯುತ್ತಾನೆ. ನಮ್ಮ ಅಗ್ನಿವೀರರ, ಅಂದರೆ ಅಗ್ನಿಪಥ್‌ನಲ್ಲಿ ಸೇರಿದವರ, ನಿಧಿಯೂ ಮೇಲ್ನೋಟಕ್ಕೆ ಅದೇ ಜಾತಿಯದು. ಆದರೆ ಅಲ್ಲಿ ಇರಬೇಕೋ ಬಿಡಬೇಕೋ ಅನ್ನುವುದನ್ನು ಬಹುಪಾಲು ಸೈನಿಕನೇ ನಿರ್ಧರಿಸುತ್ತಾನೆ, ಇಲ್ಲಿ ನೂರಕ್ಕೆ 75 ಜನರ ಹೋಗುವ ತಾರೀಕು ಸೇರುವ ದಿನವೇ ಬರೆದಿರುತ್ತದೆ.

ಒಂದು ತಪ್ಪೊಪ್ಪಿಗೆ ಮಾಡಬೇಕು. ಲಕ್ಷ ಕೋಟಿ, ನೂರಕ್ಕೆ ಇಷ್ಟು ಅಂತ ಮಾತಾಡುತ್ತಾ ಈ ದುಡ್ಡು ಕೊನೆಗೆ ಯಾರ ಕೈಗೆ ಹೋಗುತ್ತದೆ ಅನ್ನುವುದು ಮರೆತುಹೋಗುತ್ತದೆ. ನನಗೆ ಮರೆಯದ ಹಾಗೆ ಮಾಡಿದವರು ಒಬ್ಬ ಹೆಂಗಸು.

ನಾನು ಸರ್ವಿಸಿಗೆ ಹೊಸಬ. ಜವಾನನ ಮನೆಯಲ್ಲಿ ಏನೇ ಆದರೂ, ಮದುವೆ, ಮಗು, ಸಾವು, ಅದು ಪಾರ್ಟ್ ಟೂ ಆರ್ಡರ್ ಅನ್ನುವ ಕಾಗದದಲ್ಲಿ ಪ್ರಕಟ ಆಗಬೇಕು. ಆಗಲೇ ಶೀಟ್ ರೋಲಿಗೆ ಏರುವುದು. ಒಬ್ಬ ಸಿಪಾಯಿ ಮದುವೆಯಾಗಿ ರಜೆಯಿಂದ ಬಂದ. ಹೆಂಡತಿ ಹೆಸರು ನೀಲವ್ವ. ಟೈಪ್ ಮಾಡುವಾಗ ನಾನು 'ನೀಲಾ' ಅಂತ ಹೊಡೆದೆ. ಅವಸರ ಇತ್ತು ಅಂತ ಹೇಳಬಹುದು. ನಿಜ ಹೇಳಬೇಕೆಂದರೆ, 'ಅವ್ವ' ಅನ್ನುವುದು ಹಳ್ಳಿಯವರು ಸುಮ್ನೆ ಸೇರಿಸಿಕೊಳ್ಳುವುದು, ಇಂಗ್ಲಿಷಿನಲ್ಲಿ ಚೆನ್ನಾಗಿ ಕಾಣುವುದಿಲ್ಲ ಅನಿಸಿತ್ತು. ನನ್ನ ತಾಯಿಯ ಹೆಸರೂ ಅವ್ವ ಅಂತಲೇ ಮುಗಿಯುತ್ತದೆ, ಆದರೂ.

ಆ ಮನುಷ್ಯ ಹವಾಲ್ದಾರ್ ಆಗಿ ಪೆನ್ಷನ್ ಬಂದ, ಕೆಲವು ವರ್ಷಕ್ಕೆ ತೀರಿಕೊಂಡ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರೆ ರೆಕಾರ್ಡಿನಲ್ಲಿ ನೀಲಾ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನೀಲವ್ವ, ರೇಷನ್ ಕಾರ್ಡಿನಲ್ಲಿ ನೀಲವ್ವ. ಅರ್ಜಿ ವಾಪಸ್. ಅಫಿಡವಿಟ್ ಅಂದರು. ಅದರಲ್ಲಿ ಗಂಡನ ನಂಬರಿನ ಒಂದು ಅಂಕಿ ತಪ್ಪು. ಮತ್ತೆ ವಾಪಸ್. ಹದಿನಾಲ್ಕು ತಿಂಗಳು. ಕೊನೆಗೆ ಮೈದುನನನ್ನು ಕರೆದುಕೊಂಡು ರೈಲು ಹತ್ತಿ ಆಫೀಸಿಗೇ ಬಂದರು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಎಲ್ಲ ಕಾಗದ, ಗಂಡನ ಎರಡು ಮೆಡಲ್. ಅಷ್ಟು ಹೊತ್ತಿಗೆ ನಾನು ನಾಯಬ್ ಸುಬೇದಾರ್, ಅದೇ ವಿಭಾಗಕ್ಕೆ ಮತ್ತೆ ಬಂದಿದ್ದೆ. ಅವರು ಜೋರು ಮಾಡಲಿಲ್ಲ. 'ಸಾಹೇಬ್ರ, ನನ್ನ ಹೆಸರ ಇಲ್ಲಂತ ಹೇಳ್ತಾರ. ನಾ ಇಲ್ಲೇ ಅದೀನಲ್ರೀ' ಅಂದರು.

ನಾನು ಶೀಟ್ ರೋಲ್ ತರಿಸಿದೆ. ಪಾರ್ಟ್ ಟೂ ಆರ್ಡರಿನ ಕೆಳಗೆ ಮೂಲೆಯಲ್ಲಿ ಟೈಪ್ ಮಾಡಿದವನ ಸಣ್ಣ ಸಹಿ. ನನ್ನದೇ.

ತಿದ್ದುವುದಕ್ಕೆ ಒಂದು ವಾರ ಹಿಡಿಯಿತು, ನಾನೇ ಬೆನ್ನು ಹತ್ತಿದ್ದರಿಂದ. ಬಾಕಿಯೆಲ್ಲ ಬಂತು. ಸಹಿ ನನ್ನದು ಅಂತ ಅವರಿಗೆ ಹೇಳಲಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ದೊಡ್ಡ ಮಗ ಕಾಲೇಜು ಬಿಟ್ಟು ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದ ಅಂತ ಮೈದುನ ಹೇಳಿದ. ದುಡ್ಡು ಬಂದಮೇಲೂ ಅವನು ಕಾಲೇಜಿಗೆ ವಾಪಸ್ ಹೋಗಲಿಲ್ಲ.

ಈಗ 'ಸ್ಪರ್ಶ್' ಅಂತ ಆನ್‌ಲೈನ್ ವ್ಯವಸ್ಥೆ ಬಂದಿದೆ, ಪಿಂಚಣಿ ಪ್ರಯಾಗರಾಜ್ ಕಚೇರಿಯಿಂದ ಹಾಗೇ ಖಾತೆಗೆ ಬರುತ್ತದೆ. ಕಂಪ್ಯೂಟರಿಗೆ 'ಅವ್ವ' ಅಂದರೆ ನಾಚಿಕೆ ಇಲ್ಲ, ಅದು ಒಳ್ಳೆಯದು. ಆದರೆ ಒಂದಕ್ಷರ ಬೇರೆಯಾದರೆ ಅದಕ್ಕೆ ಕರುಣೆಯೂ ಇಲ್ಲ.

ಹಿಂದಿನ ಬೆಂಚಿನಲ್ಲಿ ಐದಾರು ಹುಡುಗರು ಮುಂದಿನ ಭರ್ತಿಗೆ ಓಡುತ್ತಿದ್ದಾರೆ ಅಂತ ನಿಮ್ಮ ಮೇಷ್ಟ್ರು ಹೇಳಿದರು. ಈಗ ಮೊದಲು ಕಂಪ್ಯೂಟರ್ ಮುಂದೆ ಪರೀಕ್ಷೆ, ಆಮೇಲೆ ಓಟ. 1.6 ಕಿಲೋಮೀಟರ್ ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ, ಹತ್ತು ಪುಲ್-ಅಪ್ಸ್‌ಗೆ 40. ಅದನ್ನೆಲ್ಲ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ಹೇಳುವುದು ಇವತ್ತು ಸಂಜೆ ಮನೆಗೆ ಹೋಗಿ ಮಾಡುವ ಕೆಲಸ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಡಿ. ನಿಮ್ಮ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. ಬೇರೆ ಇದ್ದರೆ ರ‍್ಯಾಲಿಗೆ ಮುಂಚೆ ತಿದ್ದಿಸಿ. ಅಲ್ಲಿ ಟೇಬಲ್ಲಿನ ಆ ಕಡೆ ನನ್ನಂಥ ಒಬ್ಬ ಹೊಸ ಕ್ಲರ್ಕ್ ಕೂತಿರುತ್ತಾನೆ, ಅವನಿಗೆ ಅವಸರ ಇರುತ್ತದೆ.